ಬಾಗಿಲು ತೆಗೆದವಳ ಪರ

ದೇಶನೂರಿನ ಹಂಪಕ್ಕನಿಗೆ ಓದು ಬರುತ್ತಿರಲಿಲ್ಲ. ಕಥೆ ಕೇಳುವುದೆಂದರೆ ಮಾತ್ರ ಹಸಿವು ನೀರಡಿಕೆ ಎರಡೂ ಮರೆತುಹೋಗುತ್ತಿದ್ದವು. ನಾಟಿ ಮುಗಿದು ಗದ್ದೆಯ ಕೆಲಸ ಸಡಿಲಾದ ದಿನಗಳಲ್ಲಿ, ಮಧ್ಯಾಹ್ನದ ಊಟವಾದ ಮೇಲೆ, ಓಣಿಯ ಹೆಂಗಸರು ಶಾನಭೋಗರ ಮನೆಯ ಕಟ್ಟೆಯ ಮೇಲೆ ಸೇರುತ್ತಿದ್ದರು. ಶಾನಭೋಗರ ಹೆಂಡತಿ ಸುವರ್ಣಮ್ಮ ಹೊಸ್ತಿಲ ಒಳಗೆ ಕೂತು ಪುಸ್ತಕ ಓದಬೇಕು, ಉಳಿದವರು ಹೊರಗೆ ಕೂತು ಕೇಳಬೇಕು. ಹಂಪಕ್ಕ ಕಂಬಕ್ಕೆ ಒರಗಿ, ಮೊಣಕಾಲು ಅಪ್ಪಿಕೊಂಡು ಕೂತರೆ ಪುಸ್ತಕ ಮುಚ್ಚುವವರೆಗೆ ಅಲ್ಲಾಡುತ್ತಿರಲಿಲ್ಲ.

ಯುದ್ಧ ನಿಂತ ವರ್ಷ ಬಳ್ಳಾರಿಯ ಒಂದು ಸಣ್ಣ ಅಚ್ಚುಕೂಟದವರು ‘ಏಳು ಬೀಗದ ಕೋಟೆ’ ಎಂಬ ಮಾಯಾಕಥೆಯನ್ನು ಕಂತು ಕಂತಾಗಿ ತರತೊಡಗಿದ್ದರು. ಒರಟು ಕಾಗದ, ಮಸಿ ಚೆಲ್ಲಿದ ಅಕ್ಷರ, ಮೇಲೊಂದು ಕೋಟೆಯ ಚಿತ್ರ. ಶಾನಭೋಗರು ಸಿರುಗುಪ್ಪಕ್ಕೆ ಹೋದಾಗ ಬಸ್ಸು ನಿಲ್ಲುವ ಕಡೆ ಅಂಗಡಿಯಲ್ಲಿ ಹೊಸ ಕಂತು ಬಂದಿದ್ದರೆ ತರುತ್ತಿದ್ದರು. ಅದರಲ್ಲಿ ಜಯಧ್ವಜನೆಂಬ ರಾಜಕುಮಾರ, ಹಾರುವ ಕುದುರೆ, ಕಂಚಿನ ಹಾವು ಎಲ್ಲ ಇದ್ದವು. ಅವನ ಹೆಂಡತಿ ಹೇಮರೇಖೆ. ರಾಜಕುಮಾರ ಬೆಂಕಿಹೂವು ತರಲು ಏಳು ಕೆರೆಯಾಚೆ ಹೊರಟಾಗ ಕೋಟೆಯ ಬೀಗದ ಕೈಗಳನ್ನು ಆಕೆಯ ಸೆರಗಿಗೆ ಕಟ್ಟಿ, “ನಾನು ಬರುವತನಕ ಬಾಗಿಲು ತೆರೆಯಬೇಡ” ಎಂದು ಹೇಳಿ ಹೋಗಿದ್ದ. ಹಂಪಕ್ಕನಿಗೆ ರಾಜಕುಮಾರನ ಸಾಹಸಕ್ಕಿಂತ ಕೋಟೆಯೊಳಗೆ ಕಾಯುತ್ತ ಕೂತ ಈ ಹೆಣ್ಣಿನ ಮೇಲೇ ಗಮನ. ಕಂತು ಓದಿ ಮುಗಿದಾಗಲೆಲ್ಲ, “ಹೇಮರೇಖಿದು ಇಷ್ಟೇ ಏನ್ರಿ ಅಮ್ಮಾರ?” ಎಂದು ಕೇಳುವಳು.

ಅದಕ್ಕೆ ಕಾರಣವನ್ನು ಓಣಿಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಂಪಕ್ಕನ ಗಂಡ ಎರ್ರಣ್ಣ ಪಲ್ಟನ್ನಿಗೆ ಸೇರಿ ಹೋಗಿದ್ದ. ಸಿರುಗುಪ್ಪದ ಸಂತೆಗೆ ಎತ್ತಿನ ಕೊರಳಹಗ್ಗ ಕೊಳ್ಳಲು ಹೋದವನು, ಅಲ್ಲಿ ಸೈನ್ಯಕ್ಕೆ ಆಳು ಸೇರಿಸಿಕೊಳ್ಳಲು ಬಂದವರ ಮಾತು ಕೇಳಿ, ಹಗ್ಗದ ಜೊತೆ ಆ ಸುದ್ದಿಯನ್ನೂ ತಂದಿದ್ದ. “ಹಡಗ ನೋಡಿ ಬರ್ತೀನಿ ಹಂಪೀ, ಹೊಳಿ ನೋಡಿ ನೋಡಿ ಸಾಕಾಗೇತಿ” ಎಂದು ನಕ್ಕಿದ್ದ. ಆಗ ಮದುವೆಯಾಗಿ ಎರಡು ಸುಗ್ಗಿಯೂ ಕಳೆದಿರಲಿಲ್ಲ. ಆಕೆ ಬೇಡವೆನ್ನಲಿಲ್ಲ. ಬೇಡವೆಂದರೆ ನಿಲ್ಲುವ ಜಾತಿಯ ಗಂಡಸಲ್ಲ ಅವನು. ಸಿಂಗಪುರದಿಂದ ಒಂದೇ ಒಂದು ಕಾರ್ಡು ಬಂತು. ತಾನು ಕ್ಷೇಮವೆಂದು ಬರೆದು, ಎಮ್ಮೆ ಈಯಿತೋ ಇಲ್ಲವೋ ಎಂದು ಕೇಳಿದ್ದ. ಆಮೇಲೆ ಆ ಊರು ಜಪಾನಿನವರ ಕೈಸೇರಿತೆಂದು ಶಾನಭೋಗರು ಪೇಪರು ನೋಡಿ ಹೇಳಿದರು. ಅಲ್ಲಿಗೆ ಸುದ್ದಿ ನಿಂತಿತು.

ಅವನ ಮುಖ ಬರುಬರುತ್ತ ಮಸುಕಾಗಿತ್ತು. ದನಿ ಮಾತ್ರ ಮಾಸಿರಲಿಲ್ಲ. ಸ್ವಲ್ಪ ಒಡಕು ದನಿ. ಗದ್ದೆಯಿಂದ ಬರುವಾಗ ಎತ್ತಿನ ಜೊತೆ ತೆಲುಗಿನಲ್ಲಿ ಮಾತಾಡುತ್ತ ಬಂದು, ಓಣಿಯ ತಿರುವಿನಿಂದಲೇ “ಹಂಪೀ, ನೀರ ತಾರಲೇ” ಎಂದು ಕೂಗುತ್ತಿದ್ದ. ಅವನು ಬಾಗಿಲಿಗೆ ಬರುವಷ್ಟರಲ್ಲಿ ಆಕೆ ತಂಬಿಗೆ ಹಿಡಿದು ನಿಂತಿರುತ್ತಿದ್ದಳು. ಈಗಲೂ ಓಣಿಯಲ್ಲಿ ಯಾರಾದರೂ ಗಂಡಸರು ಗಂಟಲು ಕಟ್ಟಿ ಮಾತಾಡಿದರೆ ಒಲೆಯ ಮುಂದಿನಿಂದ ಎದ್ದುಬಿಡುವಳು. ಅತ್ತೆ ದೊಡ್ಡಬಸಮ್ಮ ಅದನ್ನು ನೋಡಿಯೂ ನೋಡದವಳಂತೆ ಅಕ್ಕಿ ಆರಿಸುತ್ತ ಕೂರುತ್ತಿದ್ದಳು.

ಮರುವರ್ಷದ ಬೇಸಿಗೆಯಲ್ಲಿ ಆ ಕಂತು ಬಂತು. ದನಿ ಕದಿಯುವ ಮಾಂತ್ರಿಕನೊಬ್ಬ ಜಯಧ್ವಜನ ದನಿಯನ್ನು ಕದ್ದು, ಸಂಜೆ ಕೋಟೆಯ ಬಾಗಿಲಿಗೆ ಬಂದು, “ಹೇಮರೇಖೆ, ಗಾಯಗೊಂಡಿದ್ದೇನೆ, ಬಾಗಿಲು ತೆರೆ” ಎಂದು ಕೂಗಿದ. ಹೇಮರೇಖೆ ಓಡಿಬಂದು ಏಳೂ ಬೀಗ ತೆಗೆದಳು. ಮಾಂತ್ರಿಕ ಒಳಗೆ ಕಾಲಿಟ್ಟದ್ದೇ ತಡ, ಊರಿಗೆ ಊರೇ ಕಲ್ಲಾಯಿತು.

ಸುವರ್ಣಮ್ಮ ಪುಸ್ತಕ ಮುಚ್ಚಿದಳು. ಕಟ್ಟೆಯ ಮೇಲೆ ಗದ್ದಲವೆದ್ದಿತು.

“ಬುದ್ಧಿಗೇಡಿ! ತೆಗೀಬ್ಯಾಡ ಅಂತ ಹೇಳಿ ಹೋಗಿದ್ದಿಲ್ಲೇನು?” ಎಂದಳು ಪಕ್ಕೀರಮ್ಮ. ಅವಳು ಓಣಿಗೆಲ್ಲ ದೊಡ್ಡ ಬಾಯಿ.

“ಊರ ಸುಟ್ಟಾಕಿ. ಇಂಥಾಕಿನ್ನ ಗೋಡ್ಯಾಗ ಇಟ್ಟು ಮುಚ್ಚಬೇಕು” ಎಂದಳು ಇನ್ನೊಬ್ಬಳು.

ದೊಡ್ಡಬಸಮ್ಮ ಕೂಡ ತಲೆಯಾಡಿಸಿದಳು. “ಮನಿ ಕಾಯಾಕ ಬಿಟ್ರ ಬಾಗ್ಲಾ ತೆಗದ್ಲು. ಏನಂತ ಹೇಳೂದು.”

ಹಂಪಕ್ಕ ಅವತ್ತಿನವರೆಗೆ ಆ ಕಟ್ಟೆಯ ಮೇಲೆ ದನಿಯೆತ್ತಿ ಮಾತಾಡಿದವಳಲ್ಲ. ಅಂದು ಎದ್ದು ನಿಂತೇಬಿಟ್ಟಳು.

“ಗಂಡನ ದನಿ ಕೇಳಿದ ಮ್ಯಾಲ ತೆಗೀದಾಕಿ ಯಾವಾಕಿ? ನೀ ತೆಗೀತಿದ್ದಿಲ್ಲೇನು ಪಕ್ಕೀರಕ್ಕ?”

“ನಾ ಯಾಕ ತೆಗೀಲಿ? ಕಿಂಡ್ಯಾಗ ನೋಡ್ತಿದ್ದೆ.”

“ನಿನ್ನ ಗಂಡ ದಿನಾ ಮನೀಗಿ ಬರ್ತಾನಲ್ಲ, ಅದಕ್ಕ ಕಿಂಡ್ಯಾಗ ನೋಡಾಕ ಪುರಸೊತ್ತು ಐತಿ ನಿನಗ.”

ಪಕ್ಕೀರಮ್ಮ ಸೆರಗು ಕೊಡವಿ ಆಚೆ ತಿರುಗಿದಳು. ಸುವರ್ಣಮ್ಮ ಮೆಲ್ಲಗೆ, “ಹೋಗ್ಲಿ ಬಿಡ ಹಂಪಕ್ಕ, ಕಥೀ ಅದು” ಎಂದಳು. ಹಂಪಕ್ಕ ಕೂರಲಿಲ್ಲ. ಪುಸ್ತಕದ ಹಿಂದೆ ಅಚ್ಚು ಹಾಕಿದವರ ವಿಳಾಸ ಇದೆಯೇ ಎಂದು ಕೇಳಿದಳು. ಬಳ್ಳಾರಿ, ಬ್ರೂಸ್‌ಪೇಟೆ ಎಂದು ಇತ್ತು.

ಸೆರೆಸಿಕ್ಕ ಸಿಪಾಯಿಗಳು ಆ ವೇಳೆಗೆ ಒಬ್ಬೊಬ್ಬರಾಗಿ ಊರು ಸೇರತೊಡಗಿದ್ದರು. ಎರ್ರಣ್ಣನ ಸುದ್ದಿ ಕೇಳಲು ಬಳ್ಳಾರಿಯ ಸೈನ್ಯದ ಕಚೇರಿಗೆ ಹೋಗಬೇಕೆಂದು ಅತ್ತೆ ಸೊಸೆ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದರು. ಆ ವಾರವೇ ಹೊರಟರು. ಸಿರುಗುಪ್ಪದವರೆಗೆ ಗಾಡಿ, ಅಲ್ಲಿಂದ ಇದ್ದಿಲಿನಿಂದ ಓಡುವ ಬಸ್ಸು. ದಾರಿಯಲ್ಲಿ ಎರಡು ಕಡೆ ಬಸ್ಸು ನಿಂತು, ಕ್ಲೀನರು ಹಿಂದೆ ಹೋಗಿ ಬೆಂಕಿ ಊದಿ ಹೊರಡಿಸಿದ. ದೊಡ್ಡಬಸಮ್ಮ ಕಿಟಕಿಯ ಸರಳು ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಬಳ್ಳಾರಿಯ ಗುಡ್ಡ ಕಂಡಾಗ ಸೆರಗಿನಿಂದ ಮುಖ ಒರೆಸಿಕೊಂಡು, ತಲೆ ಸರಿಮಾಡಿಕೊಂಡಳು, ಮಗನೇ ಎದುರು ಬರುವನೆಂಬಂತೆ.

ಕಚೇರಿಯ ಗುಮಾಸ್ತ ಒಳ್ಳೆಯವನೇ. ಕೂರಿಸಿ, ಕಾಗದ ಹುಡುಕಿ ನೋಡಿ, ತೆಲುಗು ಬೆರೆತ ಕನ್ನಡದಲ್ಲಿ ಹೇಳಿದ. “ಪತ್ತೆ ಇಲ್ಲ ಅಂತ ಐತಮ್ಮ. ಸತ್ತಾನಂತನೂ ಇಲ್ಲ, ಅದಾನಂತನೂ ಇಲ್ಲ.”

“ಅಂದ್ರ ಬರ್ತಾನ?” ಎಂದು ದೊಡ್ಡಬಸಮ್ಮ ಕೇಳಿದಳು.

“ಅದು ನಮಗ ತಿಳೀದಮ್ಮಾ.”

ಹೊರಗೆ ಬಂದು ಬೇವಿನ ನೆರಳಲ್ಲಿ ಇಬ್ಬರೂ ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಿದರು, ತಿನ್ನಲಾಗದೆ ಮತ್ತೆ ಕಟ್ಟಿದರು. ಹಂಪಕ್ಕ ಎದ್ದು, “ಅತ್ತಿ, ಇನ್ನೊಂದು ಕಡೀಗಿ ಹೋಗೂದೈತಿ” ಎಂದಳು. ಎಲ್ಲಿಗೆಂದು ಮುದುಕಿ ಕೇಳಲಿಲ್ಲ. ಸೊಸೆಯ ಹಿಂದೆ ನಡೆದಳು.

ಕೇಳಿ ಕೇಳಿ ಅಚ್ಚುಕೂಟ ಹುಡುಕಿದರು. ಓಣಿಯೊಳಗೆ ಒಂದು ತಗಡಿನ ಮನೆ. ಬಾಗಿಲ ಹತ್ತಿರ ಕೂತು ಕರಡು ತಿದ್ದುತ್ತಿದ್ದ ಚಂದ್ರಣ್ಣನೇ ಕಥೆ ಬರೆದವನು. ನರೆತ ಗಡ್ಡ, ಅಂಗಿಯ ತೋಳಿಗೆಲ್ಲ ಮಸಿ. ಮೊದಲು ನಾಟಕ ಕಂಪನಿಯೊಂದರಲ್ಲಿ ಮಾತು ಹೇಳಿಕೊಡುತ್ತಿದ್ದವನು, ಕಂಪನಿ ಮುರಿದ ಮೇಲೆ ಇಲ್ಲಿ ಸೇರಿಕೊಂಡಿದ್ದ. ದೊಡ್ಡಬಸಮ್ಮ ದಣಿದು ಮೆಟ್ಟಿಲ ಮೇಲೆಯೇ ಕೂತಳು. ಹಂಪಕ್ಕ ಒಳಗೆ ಹೋಗಿ ಕೈಮುಗಿದಳು.

“ಹೇಮರೇಖಿ ಕಥೀ ಬರದೋರು ನೀವೇನ್ರಿ ಸ್ವಾಮಿ?”

“ಹೌದಮ್ಮ. ಯಾವೂರು?”

“ದೇಶನೂರ್ರಿ. ಆಕಿಗಿ ಮುಂದ ಏನ್ ಮಾಡ್ತೀರಿ?”

ಚಂದ್ರಣ್ಣ ಕನ್ನಡಕ ತೆಗೆದ. ಪುಸ್ತಕ ಓದಿದವರು ಬರುವುದೇ ಅಪರೂಪ. “ರಾಜಕುಮಾರ ತಿರುಗಿ ಬರ್ತಾನ. ಆಕಿನ್ನ ಕೋಟಿ ಹೊರಗ ಹಾಕ್ತಾನ. ಓದೋರೂ ಅದನ್ನ ಕೇಳ್ತಾರ, ನಮ್ಮ ಮಾಲಕರೂ ಅದನ್ನ ಅಂತಾರ.”

“ಆಕಿ ತಪ್ಪೇನ್ರಿ?”

“ತೆರೀಬ್ಯಾಡ ಅಂದಿದ್ದ ಬಾಗ್ಲಾ ತೆರದ್ಲಲ್ಲ.”

“ದನಿ ಕದಿಯಾಂವ ಒಬ್ಬ ಅದಾನ ಅಂತ ರಾಜಕುಮಾರಗ ಗೊತ್ತಿತ್ತು. ಮಂತ್ರಿಗಿ ಗೊತ್ತಿತ್ತು. ಮೊದಲಿನ ಪುಸ್ತಕದಾಗ ನೀವೇ ಬರದೀರಿ. ಆಕಿಗೊಬ್ಬಾಕಿಗಿ ಯಾರೂ ಹೇಳಲಿಲ್ಲ. ಕೈಯಾಗ ಬೀಗದಕೈ ಕೊಟ್ರು, ಕಾಯಿ ಅಂದ್ರು, ಹೋದ್ರು.” ಹಂಪಕ್ಕ ಒಂದು ಹೆಜ್ಜೆ ಮುಂದೆ ಬಂದಳು. “ನಿಜವಾಗ್ಲೂ ಅಂವನ ಬಂದಿದ್ರ? ಗಾಯ ಆಗಿ, ನೀರಡಿಸಿ ಬಾಗ್ಲಾಗ ಬಿದ್ದಿದ್ರ? ಆಕಿ ತೆಗೀದ ಕುಂತಿದ್ರ, ಕಲ್ಲೆದಿ ಹೆಂಗಸು, ಗಂಡನ್ನ ಹೊರಗ ಸಾಯಾಕ ಬಿಟ್ಲು ಅಂತ ಬರೀತಿದ್ರಿ. ತೆಗದ್ರೂ ಆಕಿದ ತಪ್ಪು, ತೆಗೀದಿದ್ರೂ ಆಕಿದ ತಪ್ಪು. ವರ್ಷಾನುಗಟ್ಲೆ ಕಾದಾಕಿಗಿ ಕಿವಿ ಒಂದ ಇರತೈತ್ರಿ ಸ್ವಾಮಿ, ಬುದ್ಧಿ ಇರಾಂಗಿಲ್ಲ.”

ಚಂದ್ರಣ್ಣ ಮುಂದಿದ್ದ ಕರಡನ್ನು ಮಡಿಸಿ ಪಕ್ಕಕ್ಕಿಟ್ಟ. ಒಳಗೆ ಯಂತ್ರ ಕಟಕಟ ಎನ್ನುತ್ತಿತ್ತು.

“ಖರೆ ಹೇಳ್ಲೇನಮ್ಮ?” ಎಂದ. “ಊರು ಕಲ್ಲಾಗಬೇಕಿತ್ತು ನನಗ. ಯಾರರ ಒಬ್ರು ಬಾಗ್ಲಾ ತೆಗೀಬೇಕಿತ್ತು. ಆಕಿ ಬಾಗ್ಲಿಗಿ ಹತ್ರ ಇದ್ಲು.”

“ಹತ್ರ ಇದ್ದಾಕಿ ತಲೀಮ್ಯಾಲ ಹಾಕಿದ್ರಿ.”

“ಹಾಕಿದೆ.” ಅವನು ಕನ್ನಡಕವನ್ನು ಮತ್ತೆ ಏರಿಸಿದ. “ಮಾಲಕರ ಮಾತು ಮೀರಾಕ ನನಗ ಬರಾಂಗಿಲ್ಲ. ನೋಡ್ತೀನಿ. ನಿನ್ನ ಮನಿಯಾಂವ ಎಲ್ಲಿ ಅದಾನಮ್ಮ?”

“ಪತ್ತೆ ಇಲ್ರಿ” ಎಂದಳು ಹಂಪಕ್ಕ. ಬೆಳಿಗ್ಗೆ ಕಚೇರಿಯಲ್ಲಿ ಕಲಿತ ಮಾತು ಅದು.

ಮೆಟ್ಟಿಲ ಮೇಲೆ ಕೂತಿದ್ದ ದೊಡ್ಡಬಸಮ್ಮನ ಕಿವಿಗೆ ಒಳಗಿನ ಮಾತೆಲ್ಲ ಬಿದ್ದಿತ್ತು. ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಸೊಸೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಇಟ್ಟುಕೊಂಡಳು.

ಮಳೆಗಾಲದ ನಡುವೆ ಮುಂದಿನ ಕಂತು ಬಂತು. ರಾಜಕುಮಾರ ಬಂದ, ಬೆಂಕಿಹೂವಿನಿಂದ ಊರನ್ನು ಬದುಕಿಸಿದ. ಸಭೆಯಲ್ಲಿ ಹೇಮರೇಖೆಯನ್ನು ನಿಲ್ಲಿಸಿ, “ಯಾಕೆ ತೆರೆದೆ?” ಎಂದು ಕೇಳಿದ. ಸುವರ್ಣಮ್ಮ ಓದುತ್ತ ಹೋದಳು. “ಪ್ರಭುವೇ, ದನಿ ಕದಿಯುವವನೊಬ್ಬನಿರುವನೆಂದು ನಿನಗೆ ಗೊತ್ತಿತ್ತು, ಮಂತ್ರಿಗೆ ಗೊತ್ತಿತ್ತು, ನನಗೆ ಯಾರೂ ಹೇಳಲಿಲ್ಲ. ತೆರೆದರೂ ನನ್ನ ತಪ್ಪು, ತೆರೆಯದಿದ್ದರೂ ನನ್ನ ತಪ್ಪು. ಕಾದವಳಿಗೆ ಕಿವಿಯೊಂದೇ ಇರುತ್ತದೆ, ಬುದ್ಧಿ ಇರುವುದಿಲ್ಲ.”

ಹಂಪಕ್ಕನಿಗೆ ಕಂಬ ಬೆನ್ನಿಗೆ ತಾಗಿದ್ದೂ ತಿಳಿಯದಾಯಿತು. ತನ್ನ ಮಾತು ಸೀರೆ ಬದಲಿಸಿಕೊಂಡು ರಾಜಸಭೆಯಲ್ಲಿ ನಿಂತಿತ್ತು. ಆದರೆ ರಾಜಕುಮಾರ ಸೋಲಲಿಲ್ಲ. ತಲೆ ತಗ್ಗಿಸಿ, ಕಣ್ಣೀರು ತಂದುಕೊಂಡು, ಪ್ರಜೆಗಳ ಮಾತಿಗೆ ಕಟ್ಟುಬಿದ್ದು ಆಕೆಯನ್ನು ಕೋಟೆಯ ಹೊರಗೆ ಕಳಿಸಿದ. ಏಳನೆಯ ಬೀಗ ಬಿದ್ದ ಸದ್ದಿಗೆ ಕಂತು ಮುಗಿಯಿತು.

“ಹೊರಗ ಹಾಕಬೇಕಾದ್ದ. ಮಾತಿಗೇನು, ಯಾರರ ಆಡ್ತಾರ” ಎಂದು ಪಕ್ಕೀರಮ್ಮ ಶುರುಮಾಡಿದಳು. ಈ ಸಲ ಅವಳ ದನಿಯಲ್ಲಿ ಬಲವಿರಲಿಲ್ಲ.

“ನಾನೂ ತೆಗೀತಿದ್ದೆ” ಎಂದಳು ದೊಡ್ಡಬಸಮ್ಮ.

ಎಲ್ಲರೂ ಅವಳತ್ತ ತಿರುಗಿದರು.

“ನನ್ನ ಮಗ ಬಂದು ಯವ್ವಾ ಅಂದ್ರ, ಅಂವ ಮಾಂತ್ರಿಕ ಆಗಿರ್ಲಿ, ಯಮನ ಆಗಿರ್ಲಿ, ತೆಗೀತಿದ್ದೆ. ಊರು ಕಲ್ಲಾದ್ರ ಆಗ್ಲಿ.” ಅಷ್ಟು ಹೇಳಿ ಮುದುಕಿ ಎದ್ದು ಮನೆಗೆ ಹೋದಳು.

ಮುಂದಿನ ಕಂತು ಬರಲೇ ಇಲ್ಲ. ಅಚ್ಚುಕೂಟ ಕೈಬದಲಾಗಿ ಈಗ ಅಲ್ಲಿ ಮದುವೆ ಕಾಗದಗಳನ್ನಷ್ಟೇ ಹಾಕುತ್ತಾರೆಂದು ಶಾನಭೋಗರು ವಿಚಾರಿಸಿಕೊಂಡು ಬಂದರು. ಚಂದ್ರಣ್ಣ ಯಾವ ಊರಿಗೆ ಹೋದನೋ ಯಾರಿಗೂ ತಿಳಿಯದು. ಉಳಿದವರು ಬೇರೆ ಕಥೆಗೆ ಹೊಂದಿಕೊಂಡರು. ಹಂಪಕ್ಕ ಮಾತ್ರ ಶಾನಭೋಗರು ಸಿರುಗುಪ್ಪದಿಂದ ಬಂದರೆಂದು ತಿಳಿದರೆ ಸಾಕು, ನೆಪ ಹುಡುಕಿ ಒಂದು ಸುತ್ತು ಆ ಕಡೆ ಹೋಗಿಬರುವಳು. ಕಳೆ ಕೀಳುವಾಗ, ಕೆಸರಲ್ಲಿ ಬಗ್ಗಿದ ಬೆನ್ನನ್ನು ನೇರ ಮಾಡಿದಾಗ, ಕೋಟೆಯ ಹೊರಗೆ ನಿಂತ ಹೆಂಗಸು ಎಲ್ಲಿ ನಡೆದಳು, ಯಾರ ಮನೆಯಲ್ಲಿ ನೀರು ಕುಡಿದಳು ಎಂದು ಯೋಚಿಸುವಳು. ಸ್ವಾತಂತ್ರ್ಯ ಬಂತು. ರಜಾಕಾರರ ಗಲಾಟೆಯಲ್ಲಿ ಹೊಳೆಯಾಚೆಯಿಂದ ಜನ ಬಂದರು, ಹೋದರು. ಪಲ್ಟನ್ನಿಗೆ ಹೋದ ಸುತ್ತಲಿನ ಹಳ್ಳಿಯವರಲ್ಲಿ ಬರುವವರು ಬಂದಾಯಿತು.

ಐವತ್ತೊಂದರ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ದೊಡ್ಡಬಸಮ್ಮ ಸೊಸೆಯ ತಲೆ ಬಾಚುತ್ತ ಹೇಳಿದಳು. “ಕುರುಗೋಡಾಗ ಗಾದಿಲಿಂಗಪ್ಪ ಅಂತ ಒಬ್ಬ ಅದಾನ. ಹೆಂಡ್ತಿ ತೀರಿ ಹೋಗ್ಯಾಳ. ಹತ್ತಿ ಹೊಲ ಐತಿ, ಕುಡಿಯಾಂವಲ್ಲ. ಉಡಿಕಿ ಮಾಡ್ಕೊಂತೀನಿ ಅಂದಾನ.”

ಅವರ ಕುಲದಲ್ಲಿ ಒಂಟಿ ಹೆಣ್ಣು ಮತ್ತೊಬ್ಬನ ಸೀರೆ ಉಟ್ಟು ಮನೆ ಸೇರುವ ಉಡಿಕೆ ಹೊಸದಲ್ಲ. ಹಂಪಕ್ಕನ ತವರಿನವರು ಎರಡು ಸಲ ಹೇಳಿಕಳಿಸಿ ಸುಮ್ಮನಾಗಿದ್ದರು. ಅತ್ತೆಯ ಬಾಯಿಂದಲೇ ಬಂದೀತೆಂದು ಆಕೆ ಎಣಿಸಿರಲಿಲ್ಲ.

“ಅವರು ಬಂದ್ರ ಅತ್ತಿ?”

ಮುದುಕಿಯ ಕೈ ಹೆರಳಲ್ಲಿ ನಿಂತಿತು. “ಬಂದ್ರ ಬಾಗ್ಲಾ ತೆಗ್ಯಾಕ ನಾ ಅದೀನಲ್ಲ. ನೀ ಹೋಗು. ಇಬ್ರೂ ಕಾಯಾದು ಬ್ಯಾಡ.”

ಹಂಪಕ್ಕ ಅವಳ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತಳು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತದ್ದು.

ಕುರುಗೋಡಿನ ಮನೆ ಗುಡ್ಡದ ಬುಡದಲ್ಲಿತ್ತು. ಗದ್ದೆಯ ತಂಪು ಇಲ್ಲ, ಕಪ್ಪು ನೆಲದ ಝಳ. ಗಾದಿಲಿಂಗಪ್ಪ ಮಾತು ಕಡಿಮೆಯ ಮನುಷ್ಯ. ಹೊಲದ ಧೂಳು ಕುಡಿದು ಅವನ ದನಿಯೂ ಒಡಕಾಗಿತ್ತು. ಹೋದ ಹೊಸದರಲ್ಲಿ ಒಂದು ಸಂಜೆ ಅವನು ಹತ್ತಿ ಹೊರೆ ಹೊತ್ತು ಬಂದು, ಹೊರಗಿನಿಂದ “ಬಾಗ್ಲಾ ತೆಗಿ, ನೀರು ತಾ” ಎಂದ. ಒಳಗೆ ತಂಬಿಗೆ ಉರುಳಿದ ಸದ್ದು, ಓಡಿಬಂದ ಹೆಜ್ಜೆ. ಬಾಗಿಲು ಪಟ್ಟನೆ ತೆರೆಯಿತು. ಹಂಪಕ್ಕನ ಮುಖ ಹೂವಾಗಿ ಅರಳಿದ್ದು, ಅವನನ್ನು ಕಂಡದ್ದೇ ಮೆಲ್ಲಗೆ ಮುಚ್ಚಿಕೊಂಡದ್ದು, ಎರಡನ್ನೂ ಅವನು ನೋಡಿದ.

ಉಂಡಾದ ಮೇಲೆ, “ಯಾರು ಅನ್ಕೊಂಡಿದ್ದಿ?” ಎಂದು ಕೇಳಿದ.

ಹಂಪಕ್ಕ ಸುಳ್ಳು ಹೇಳಲಿಲ್ಲ. ಎರ್ರಣ್ಣನ ದನಿಯ ಸಂಗತಿ ಹೇಳಿದಳು. ಹಾಗೆಯೇ ಮಾತಿಗೆ ಮಾತು ಬೆಳೆದು ಕೋಟೆ, ಮಾಂತ್ರಿಕ, ಹೇಮರೇಖೆ, ಪೂರ್ತಿ ಕಥೆಯನ್ನೇ ಹೇಳಿದಳು. ಅವನು ಬೀಡಿ ಹಚ್ಚುವುದನ್ನೂ ಮರೆತು ಕೇಳಿದ. “ಪಾಪ, ಆಕಿದೇನು ತಪ್ಪೈತಿ” ಎಂದ.

ಮರುದಿನ ಸಂಜೆ ಅವನು ಅಂಗಳದ ಆಚೆಯೇ ನಿಂತು ಗಂಟಲು ಸರಿಮಾಡಿಕೊಂಡು, “ನಾನು, ಗಾದಿಲಿಂಗಪ್ಪ” ಎಂದ. ತನ್ನ ಮನೆಯ ಮುಂದೆ ತನ್ನ ಹೆಸರು ತಾನೇ ಹೇಳಿಕೊಳ್ಳುವ ಗಂಡಸನ್ನು ಕಂಡು ಪಕ್ಕದ ಮನೆಯವರು ನಕ್ಕರು. ಅವನು ಬಿಡಲಿಲ್ಲ. ದಿನವೂ ಹೆಸರು ಹೇಳುವನು, ಆಮೇಲೆ ನಿಲ್ಲುವನು. ಅಗಳಿಯ ಮೇಲೆ ಕೈಯಿಟ್ಟು ಹಂಪಕ್ಕ ಒಳಗೆ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಾಳೆಂದು ಅವನಿಗೆ ಗೊತ್ತಿತ್ತು. ಅವಸರ ಮಾಡುತ್ತಿರಲಿಲ್ಲ. ತಲೆಯ ಮೇಲಿನ ಹೊರೆ ಇಳಿಸಿ, ಅಲ್ಲೇ ಕಲ್ಲಿನ ಮೇಲೆ ಕೂತು, ಕಾಲಿನ ಮಣ್ಣು ಕೊಡವುತ್ತಿದ್ದ.