ಸಿದ್ದಯ್ಯನ ಹತ್ತು ನಿಮಿಷ

ಮಳವಳ್ಳಿಗೆ ಇವತ್ತಿಗೂ ರೈಲು ಬಂದಿಲ್ಲ. ನಮ್ಮ ಕಾಲೇಜಿಗೆ ಮಾತ್ರ ಅದರ ಮೂರಡಿ ಬಂದಿತ್ತು. ಯಾರೋ ಮಂಡ್ಯದ ಗುಜರಿ ಅಂಗಡಿಯಿಂದ ತಂದು ಆಫೀಸಿನ ಮುಂದಿನ ಬೇವಿನ ಮರಕ್ಕೆ ತೂಗುಹಾಕಿದ್ದ ಕಂಬಿಯ ತುಂಡು ಅದು. ಕಬ್ಬಿಣದ ಸಲಾಕೆಯಿಂದ ಅದಕ್ಕೆ ಬಡಿದರೆ ಪೀರಿಯಡ್ಡು ಶುರು, ಮತ್ತೆ ಬಡಿದರೆ ಮುಕ್ತಾಯ. ಬಡಿಯುತ್ತಿದ್ದವರು ಅಟೆಂಡರ್ ದೊಡ್ಡಸಿದ್ದಯ್ಯ. ಹೆಸರಿನಲ್ಲಿ ದೊಡ್ಡದಿದ್ದರೂ ಆಳು ಸಣ್ಣಗೆ, ಸಲಾಕೆಗೂ ಅವರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ರಾತ್ರಿ ಕಾವಲೂ ಅವರದೇ ಆದ್ದರಿಂದ ಕಾಲೇಜಿನ ಹಿಂದಿನ ಕೋಣೆಯಲ್ಲೇ ವಾಸ. ಹೆಂಡತಿ ಮಕ್ಕಳು ಬೆಳಕವಾಡಿಯಿಂದಾಚೆ ಒಂದು ಮೈಲಿ ದೂರದ ಹಳ್ಳಿಯಲ್ಲಿ.

ಲೋಕದ ರೈಲುಗಳೆಲ್ಲ ತಡವಾಗುತ್ತವೆ. ಈ ಕಂಬಿಯ ಕಾಯಿಲೆ ಬೇರೆ, ಅದು ಬೇಗ ಹೊಡೆಯುತ್ತಿತ್ತು. ಹನ್ನೊಂದೂವರೆಯ ಟೀ ಬಿಡುವು ಟೈಮ್‌ಟೇಬಲ್ಲಿನ ಪ್ರಕಾರ ಇಪ್ಪತ್ತು ನಿಮಿಷ. ಹತ್ತನೇ ನಿಮಿಷಕ್ಕೇ ಗಂಟೆ. ಅಲ್ಲಿಂದ ಮುಂದಿನದೆಲ್ಲ ಹತ್ತು ನಿಮಿಷ ಮುಂಚೆ: ಒಂದೂಕಾಲಿನ ಊಟದ ಗಂಟೆ ಒಂದೂ ಐದಕ್ಕೆ, ನಾಲ್ಕೂ ಹತ್ತರ ಕೊನೆಯ ಗಂಟೆ ನಾಲ್ಕಕ್ಕೆ. ಆಫೀಸಿನ ಗಡಿಯಾರ ಮುಂದೆ ಓಡುತ್ತದೆ ಎಂದು ಎಲ್ಲರೂ ನಂಬಿದ್ದೆವು. ಸಂಜೆ ಬೇಗ ಬಿಟ್ಟಿತೆಂದು ದೂರು ಕೊಡುವ ಅಧ್ಯಾಪಕ ಇನ್ನೂ ಹುಟ್ಟಿಲ್ಲವಾದ್ದರಿಂದ ಯಾರೂ ವಿಚಾರಿಸಿರಲಿಲ್ಲ.

ವಿಚಾರಿಸಿದವಳು ನಾನು. ಅಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಓದಿದ್ದು ಕಾನ್ವೆಂಟಿನಲ್ಲಿ, ಸಿಸ್ಟರುಗಳ ಗಂಟೆಗೆ ಊಟ, ಗಂಟೆಗೆ ಪ್ರಾರ್ಥನೆ, ಗಂಟೆಗೆ ಬೈಗುಳ. ತಪ್ಪು ಹೊತ್ತಿಗೆ ಹೊಡೆಯುವ ಗಂಟೆ ನನಗೆ ಇವತ್ತಿಗೂ ಹಲ್ಲಿನ ಸಂದಿಯ ನಾರು. ಒಂದು ದಿನ ಹೊಸ ಬ್ಯಾಟರಿ ತಂದು ಅವರ ಕೈಗಿಟ್ಟೆ. ಸಿದ್ದಯ್ಯ ಅದನ್ನು ತಿರುಗಿಸಿ ನೋಡಿದರು.

"ಗಡಿಯಾರ ಸರ್ಯಾಗೇ ಅದೆ ಮೇಡಮ್ಮೋರೆ. ನಾನೇ ಮುಂದಾಗಿ ಒಡಿತೀನಿ."

"ಅದ್ಯಾಕೆ?"

"ಬೆಳಕವಾಡಿ ಬಸ್ಸು ನಾಕೂಕಾಲ್ಗೆ ಬುಟ್ಬುಡ್ತದೆ. ನಿಮ್ಮ ಟೈಮ್‌ಟೇಬಲ್ಲು ಬುಡಾದು ನಾಕೂ ಅತ್ಕೆ. ಬಸ್‌ಸ್ಟ್ಯಾಂಡ್ಗೆ ಅನ್ನೆರಡು ನಿಮಿಸದ ನಡ್ಗೆ. ಎಣ್ಮಕ್ಳು ರೆಕ್ಕೆ ಕಟ್ಕಂಡ್ ಓದಾರ?"

ಮುಂದಿನ ಬಸ್ಸು ಆರೂವರೆಗೆ. ಇಳಿಯುವಾಗ ಕತ್ತಲು, ಇಳಿದ ಮೇಲೆ ಕಬ್ಬಿನ ಗದ್ದೆಗಳ ನಡುವೆ ಒಂದು ಮೈಲಿ. ಹದಿನಾರು ವರ್ಷದ ಹಿಂದೆ ಸಿದ್ದಯ್ಯನವರ ಮಗಳು ಕವಿತ ಇದೇ ಕಾಲೇಜಿನಲ್ಲಿದ್ದಳಂತೆ. ಆಗ ಅವರು ನಿಯಮ ತಪ್ಪದೆ ನಾಲ್ಕೂ ಹತ್ತಕ್ಕೇ ಬಡಿಯುತ್ತಿದ್ದರು. ಮಗಳು ದಿನಾ ಬಸ್ಸು ತಪ್ಪಿಸಿಕೊಂಡು ಕತ್ತಲಲ್ಲಿ ಮನೆ ಸೇರುತ್ತಿದ್ದಳು. ಊರಿನವರು ಆಡಿಕೊಂಡರು. ಎರಡನೇ ವರ್ಷಕ್ಕೆ ಕಾಲೇಜು ಬಿಡಿಸಿದ್ದು ಬೇರೆ ಯಾರೂ ಅಲ್ಲ, ಸಿದ್ದಯ್ಯನವರೇ. ಈಗ ಅವಳು ಮದ್ದೂರಿನ ಹತ್ತಿರ ವೈದ್ಯನಾಥಪುರದಲ್ಲಿ ಎರಡು ಮಕ್ಕಳ ತಾಯಿ.

"ನಾನ್ ಒಡುದ್ ಗಂಟೇಲೇ ನನ್ ಮಗಳ್ ಬಸ್ಸು ತಪ್ತು" ಎಂದರು. ಬ್ಯಾಟರಿಯನ್ನು ಡ್ರಾಯರಿಗೆ ಹಾಕಿದರು.

ಮಗಳ ಓದು ನಿಂತ ಎರಡು ವರ್ಷಕ್ಕೆ ಇನ್ನೊಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಹಾಜರಿ ಕಡಿಮೆಯಾದವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದು ಅವರ ಕೆಲಸ. ನಾವು ಸಹಿ ಹಾಕುತ್ತಿದ್ದೆವು, ಓದುತ್ತಿದ್ದದ್ದು ಅವರು. ಸಾಬರ ಹುಡುಗರ ಹೆಸರೇ ಸಾಲಾಗಿ ಏಕೆ ಬರುತ್ತದೆ ಎಂದು ನೋಡಿದರೆ, ಎಲ್ಲರಿಗೂ ತಪ್ಪಿರುವುದು ಶುಕ್ರವಾರ ಊಟಕ್ಕೆ ಮುಂಚಿನ ಪೀರಿಯಡ್ಡು. ನಮಾಜಿಗೆ ಹೊತ್ತಾಗುತ್ತದೆಂದು ಹುಡುಗರು ಹತ್ತು ನಿಮಿಷ ಮೊದಲೇ ಎದ್ದು ಹೋಗುತ್ತಿದ್ದರು. ಪರೀಕ್ಷೆಗೆ ಕೂರಲು ಬಿಡದಿದ್ದರೆ ಒಂದು ವರ್ಷ ಹೋಯಿತು. ಸಿದ್ದಯ್ಯ ಬಸ್ಸು, ನಮಾಜು ಎರಡು ಮೊಳೆಗೂ ಒಂದೇ ಸಲಾಕೆ ಎತ್ತಿದರು. ಟೀ ಬಿಡುವಿನಲ್ಲಿ ಹತ್ತು ನಿಮಿಷ ಕಿತ್ತರೆ ಊಟದ ಗಂಟೆಯೂ ಮುಂಚೆ ಬಂತು, ಸಂಜೆಯದೂ ಬಂತು. ಪಾಠದಲ್ಲಿ ಒಂದು ನಿಮಿಷವೂ ಕಳೆಯಲಿಲ್ಲ. ಕಳೆದದ್ದು ನಮ್ಮ ಟೀ, ಅದೂ ಕ್ಯಾಂಟೀನಿನದು, ಕುಡಿಯದಿದ್ದರೆ ಲಾಭವೇ. ಹೀಗೆ ಹದಿನಾಲ್ಕು ವರ್ಷ ನಡೆಯಿತು. ಆ ಪಟ್ಟಿಯಿಂದ ಆ ಹೆಸರುಗಳು ಇಳಿದುಹೋದದ್ದನ್ನು ಗಮನಿಸಿ, ಈಗಿನ ಹುಡುಗರಲ್ಲಿ ಶಿಸ್ತು ಬಂದಿದೆ ಎಂದು ಭಾಷಣ ಮಾಡಿದವರೂ ಉಂಟು.

ಎರಡು ವರ್ಷದ ಹಿಂದೆ ಜೂನಿನಲ್ಲಿ ಅವರ ಊರಿನ ಮಲ್ಲಿಗಮ್ಮ ಮಗಳು ಚಂದನಳನ್ನು ಬಿ.ಎ.ಗೆ ಸೇರಿಸಲು ಬಂದರು. ಆ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲ ಹೆಣ್ಣು ಅವಳು. ಗಂಡ ನಾಗರಾಜು ಒಪ್ಪಿದ್ದು ಒಂದೇ ಷರತ್ತಿಗೆ: ನಾಲ್ಕೂಕಾಲಿನ ಬಸ್ಸಿಗೇ ಬರಬೇಕು, ಒಂದು ದಿನವೂ ಕತ್ತಲಾಗಕೂಡದು. ಮಲ್ಲಿಗಮ್ಮ ಅರ್ಜಿ ತುಂಬುವ ಮೊದಲು ಬೇವಿನ ಮರದ ಹತ್ತಿರ ಹೋಗಿ ಸಿದ್ದಯ್ಯನವರಿಂದ ಮಾತು ತೆಗೆದುಕೊಂಡರು. ಮೂರು ವರ್ಷವೂ ಆ ಬಸ್ಸು ಹತ್ತಿಸುತ್ತೇನೆಂದು ಅವರು ಮಾತು ಕೊಟ್ಟರು. ಚಂದನ ನನ್ನ ಕ್ಲಾಸಿನಲ್ಲಿ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದಳು. ನಾನು ಶ್ಲೇಷೆ ಬಿಟ್ಟಾಗ ಇಡೀ ಕ್ಲಾಸು ಅರ್ಥವಾಗದೆ ನಗುತ್ತಿತ್ತು. ಅವಳು ಅರ್ಥವಾಗಿ ಮುಖ ಕಿವುಚುತ್ತಿದ್ದಳು. ಅವಳಿಗಿಂತ ಒಳ್ಳೆಯ ವಿದ್ಯಾರ್ಥಿನಿ ಮೇಷ್ಟ್ರುಗಳಿಗೆ ಸಿಗುವುದಿಲ್ಲ.

ಕಳೆದ ವರ್ಷ ಕಾಲೇಜಿಗೆ ದರ್ಜೆ ಕೊಡುವ ತಂಡ ಬರುವುದೆಂದಾಯಿತು. ಪ್ರಿನ್ಸಿಪಾಲ್ ರಘುನಂದನ್ ನನ್ನನ್ನು ಕರೆದು, ವರದಿಯಲ್ಲಿ ಸರ್ವಧರ್ಮ ಸಾಮರಸ್ಯ ಮತ್ತು ಸಾಮಾಜಿಕ ನ್ಯಾಯ ಎಂಬ ಅಧ್ಯಾಯ ನಿಮ್ಮದು ಎಂದರು. ಕಬ್ಬಿನ ಸೀಮೆಯಲ್ಲಿ ರಸಕ್ಕೆ ಕೊರತೆಯಿಲ್ಲ, ಸಾಮರಸ್ಯ ಎಲ್ಲಿಂದ ತರಲಿ? ಕಡತದಲ್ಲಿದ್ದದ್ದು ಒಂದು ಸರ್ವಧರ್ಮ ಸಮ್ಮೇಳನದ ಫೋಟೋ. ವೇದಿಕೆಯಲ್ಲಿ ಮೂವರು ಧರ್ಮಗುರುಗಳು, ಒಂದು ಮೈಕು. ಸಭೆ ತುಂಬಿದ್ದೇನೋ ನಿಜ, ಆದರೆ ಧರ್ಮಕ್ಕಲ್ಲ, ಧರ್ಮದೂಟಕ್ಕೆ. ಆಗ ನನಗೆ ಸಿದ್ದಯ್ಯನ ಗಂಟೆ ಹೊಳೆಯಿತು. ಎರಡು ಪುಟ ಬರೆದೆ. ಚೆನ್ನಾಗಿಯೇ ಬರೆದೆ. ಬರೆದದ್ದನ್ನು ಓದಿ ಹೇಳಲು ಮರದ ಹತ್ತಿರ ಹೋದೆ.

ಸಿದ್ದಯ್ಯ ಪೂರ್ತಿ ಕೇಳಿಸಿಕೊಂಡು, "ಬರೀಬ್ಯಾಡಿ ಮೇಡಮ್ಮೋರೆ" ಎಂದರು. "ಬರುದ್ರೆ ಅದು ಆಫೀಸ್ನದಾಯ್ತದೆ."

ನಾನು ನಕ್ಕೆ. ಒಳ್ಳೆಯ ಕೆಲಸವನ್ನು ನಾಲ್ಕು ಜನರಿಗೆ ತಿಳಿಸಿದರೆ ತಪ್ಪೇನು ಎಂದೆ. ನಿಮ್ಮಿಷ್ಟ ಎಂದು ಅವರು ಎದ್ದು ಹೋಗಿ ಮೂರನೇ ಪೀರಿಯಡ್ಡಿನ ಗಂಟೆ ಹೊಡೆದರು.

ತಂಡದವರು ಆ ಎರಡು ಪುಟವನ್ನು ಬಹಳ ಮೆಚ್ಚಿದರು. ಇದು ಯಾವ ಆದೇಶದ ಮೇರೆಗೆ ನಡೆಯುತ್ತಿದೆ ಎಂದು ಒಬ್ಬರು ಪ್ರೀತಿಯಿಂದಲೇ ಕೇಳಿದರು. ಆದೇಶ ಇರಲಿಲ್ಲ. ಕಾಲೇಜಿಗೆ ಒಳ್ಳೆಯ ದರ್ಜೆ ಬಂತು, ವರದಿಯನ್ನು ವೆಬ್‌ಸೈಟಿಗೆ ಹಾಕಿದರು, ಅಲ್ಲಿ ಅದನ್ನು ಓದಬೇಕಾದವರು ಬಿಟ್ಟು ಉಳಿದವರು ಓದಿದರು. ಒಂದು ಧರ್ಮದ ಪ್ರಾರ್ಥನೆಗೆ ಕಾಲೇಜಿನ ಗಂಟೆ ಕುಣಿಯುವುದೇಕೆ ಎಂದು ಹನ್ನೊಂದು ಸಹಿಗಳ ಪತ್ರ ಬಂತು. ಶುಕ್ರವಾರಕ್ಕೆ ಕೊಟ್ಟರೆ ಶನಿವಾರದ ಆಂಜನೇಯನಿಗೇಕಿಲ್ಲ ಎಂದು ಇನ್ನೊಂದು. ಗಂಟೆ ಆರೂ ದಿನ ಒಂದೇ ಹೊತ್ತಿಗೆ ಹೊಡೆಯುತ್ತಿತ್ತು, ಬಸ್ಸಿಗೂ ಹೊಡೆಯುತ್ತಿತ್ತು. ವರದಿಯಲ್ಲಿದ್ದ ಆ ಸಾಲನ್ನು ಯಾರೂ ಓದಿದಂತಿರಲಿಲ್ಲ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಸಿದ್ದಯ್ಯನವರನ್ನು ಕೂರಿಸಿಕೊಂಡು, ಗಡಿಯಾರ ಕೆಟ್ಟಿತ್ತು ಎಂದು ಬರೆದುಕೊಡಿ, ಇಲ್ಲಿಗೇ ಮುಗಿಸೋಣ ಎಂದರು. ಸರಿಯಾಗಿರುವ ಗಡಿಯಾರದ ಮೇಲೆ ಸುಳ್ಳು ಹೇಳುವುದಿಲ್ಲ ಎಂದು ಸಿದ್ದಯ್ಯ ಹಟ ಹಿಡಿದರು. ಟೈಮ್‌ಟೇಬಲ್ಲನ್ನೇ ತಿದ್ದಿ ಟೀ ಬಿಡುವನ್ನು ಹತ್ತು ನಿಮಿಷ ಮಾಡಿಬಿಡಿ ಎಂದು ಕೇಳಿಕೊಂಡರು. ಅದನ್ನು ಸಮಿತಿಯ ಮುಂದಿಡುವುದಾಗಿ ಉತ್ತರ ಬಂತು. ಸಮಿತಿಯ ಹೆಸರಿನಲ್ಲೇ ಮಿತಿಯಿದೆ. ಮುಂದಿನ ಶೈಕ್ಷಣಿಕ ವರ್ಷದಲ್ಲಿ ಪರಿಶೀಲಿಸುವುದು ಎಂದು ಬರೆದು ಎದ್ದರು. ನವೆಂಬರಿನಲ್ಲಿ ಕಂಬಿ ಇಳಿಯಿತು, ಗೋಡೆಯ ಮೇಲೆ ತಾನಾಗಿ ಕೂಗುವ ಕರೆಂಟಿನ ಗಂಟೆ ಬಂತು. ಎಲ್ಲರಿಗೂ ಒಂದೇ ಸಮಯ, ಇದೇ ಸಮಾನತೆ ಎಂದು ಉದ್ಘಾಟನೆಯಲ್ಲಿ ಹೇಳಿದರು. ನಮ್ಮ ಟೀ ನಮಗೆ ವಾಪಸು ಬಂತು.

ಮೊದಲ ವಾರದಲ್ಲಿ ಚಂದನ ಮೂರು ದಿನ ಬಸ್ಸು ತಪ್ಪಿಸಿಕೊಂಡಳು. ಕೊನೆಯ ಪೀರಿಯಡ್ಡು ನನ್ನದಿದ್ದ ದಿನ ನಾನು ಬೇಗ ಬಿಡುತ್ತಿದ್ದೆ. ಉಳಿದವರು ಕ್ಲಾಸುಗಳಲ್ಲಿ ಹಾಕಿಸಿದ್ದ ಕ್ಯಾಮೆರಾಕ್ಕೆ ಹೆದರಿ ಬಿಡುತ್ತಿರಲಿಲ್ಲ. ನಾಗರಾಜು ಮಗಳಿಗೆ ಎಚ್ಚರಿಕೆ ಕೊಟ್ಟರು. ಸಿದ್ದಯ್ಯ ದಾರಿ ಹುಡುಕಿದರು. ಬಿ.ಕಾಂ. ಓದುತ್ತಿದ್ದ ತೌಸೀಫ್ ಪಾಷ ಬೆಳಿಗ್ಗೆ ಸಂಜೆ ತನ್ನ ಮಾವನ ಆಟೋ ಓಡಿಸುತ್ತಿದ್ದ. ಶುಕ್ರವಾರದ ಹೊತ್ತು ಅವನ ಕೈಯಿಂದಲೂ ಹೋಗಿತ್ತು, ಅದಕ್ಕೆ ಮುಂಚೆ ಇಷ್ಟು ವರ್ಷ ಅದನ್ನು ಕೊಟ್ಟವರು ಯಾರು ಎಂದು ಅವನಿಗೆ ತಿಳಿದದ್ದೇ ವರದಿಯಿಂದ. ಸಿದ್ದಯ್ಯ ಬಾಯಿ ಬಿಟ್ಟು ಕೇಳುವ ಮೊದಲೇ ಒಪ್ಪಿದ. ಗಂಟೆ ಕೂಗುವಾಗ ಗೇಟಿನ ಮುಂದೆ ಆಟೋ ಸಿದ್ಧ. ಬೆಳಕವಾಡಿ ಕಡೆಯ ನಾಲ್ಕು ಹುಡುಗಿಯರು ಹಿಂದೆ, ಮುಂದೆ ಡ್ರೈವರ್ ಪಕ್ಕದ ಅರ್ಧ ಸೀಟಿನಲ್ಲಿ ಸಿದ್ದಯ್ಯ.

"ನೀವ್ಯಾಕೆ ಸಿದ್ದಣ್ಣ ಅರ್ಧ ಕುಂಡೀಲಿ ಕೂತ್ಕೊಂಡ್ ಬರ್ತೀರಾ? ನಾನ್ ಬಿಡಲ್ವಾ?" ಎಂದು ತೌಸೀಫ್ ಕೇಳಿದ್ದಕ್ಕೆ, "ನೀನು ಬುಡ್ತೀಯ ಕಣ್ಲಾ. ಊರು ಬುಡ್ಬೇಕಲ್ಲ" ಎಂದರಂತೆ.

ಐದು ವಾರ ಚಂದನ ಒಂದು ಬಸ್ಸನ್ನೂ ತಪ್ಪಿಸಲಿಲ್ಲ. ಜನವರಿಯಲ್ಲಿ ಗಂಟೆಯ ಕೆಲಸ ಇಲ್ಲದ ಅಟೆಂಡರಿಗೆ ಹಳೆಯ ಕಡತಗಳ ಕೋಣೆಯನ್ನು ಒಪ್ಪಿಸಿದರು. ಒಂದು ಗುರುವಾರ ಅಲ್ಲಿಂದ ಏಳಲು ಆಗಲಿಲ್ಲ. ಆ ದಿನ ಉಳಿದ ಮೂವರೂ ರಜೆ. ಬಸ್‌ಸ್ಟ್ಯಾಂಡಿನಲ್ಲಿ ಚಂದನ ಒಬ್ಬಳೇ ಆಟೋದಿಂದ ಇಳಿಯುವುದನ್ನು, ತೌಸೀಫ್ ಅವಳ ಬ್ಯಾಗು ಎತ್ತಿಕೊಡುವುದನ್ನು ಯಾರೋ ಫೋನಿನಲ್ಲಿ ಪಟ ಹಿಡಿದರು. ಬಸ್ಸು ಬೆಳಕವಾಡಿ ಮುಟ್ಟುವ ಮೊದಲೇ ಆ ಪಟ ಮುಟ್ಟಿತ್ತು. ಮಾರನೆಯ ದಿನದಿಂದ ಮೂರನೇ ಬೆಂಚು ಖಾಲಿ.

ಭಾನುವಾರ ನಾನೂ ಸಿದ್ದಯ್ಯನೂ ಅವಳ ಮನೆಗೆ ಹೋದೆವು. ನಾಗರಾಜು ನಮ್ಮನ್ನು ನೋಡಿ, ಬನ್ನಿ ಎಂದಷ್ಟೇ ಹೇಳಿ ಗದ್ದೆಗೆ ನಡೆದರು. ಮಲ್ಲಿಗಮ್ಮ ಚಾಪೆ ಹಾಸಿ ಕಾಫಿ ಕೊಟ್ಟರು. ಸಿದ್ದಯ್ಯ ಲೋಟ ಮುಟ್ಟಲಿಲ್ಲ. ಆ ಹುಡುಗನದು ಏನೂ ತಪ್ಪಿಲ್ಲ, ಆಟೋ ಗೊತ್ತುಮಾಡಿದವನು ನಾನು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದು ತಲೆ ತಗ್ಗಿಸಿಯೇ ಹೇಳಿದರು. ವರದಿಯ ಸುದ್ದಿ ಎತ್ತಲಿಲ್ಲ.

"ನಿನ್ ಮಾತ್ ನಂಬಿ ಕಳ್ಸಿದ್ನಲ್ಲ ಕಣಣ್ಣ" ಎಂದರು ಮಲ್ಲಿಗಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ನನಗೆ ಕೂರಲಾಗಲಿಲ್ಲ. ಅವರ ತಪ್ಪಲ್ಲಮ್ಮ, ಗಂಟೆಯ ವಿಷಯ ಬರೆದು ಬಯಲಿಗೆ ತಂದವಳು ನಾನು, ಅದರಿಂದಲೇ ಹೀಗಾಯಿತು ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮಲ್ಲಿಗಮ್ಮ ಗಮನವಿಟ್ಟು ಕೇಳಿದರು.

"ಕೆಟ್ಟದ್ ಬರುದ್ರಾ?"

"ಇಲ್ಲಮ್ಮ, ಒಳ್ಳೇದೇ ಬರೆದೆ."

"ಒಳ್ಳೇದ್ ಬರುದ್ರೆ ಇಂಗಾಯ್ತದಾ?"

ಮೂವತ್ತು ವರ್ಷದಿಂದ ಎಲ್ಲದಕ್ಕೂ ಒಂದು ಚಟಾಕಿ ಇಟ್ಟುಕೊಂಡಿದ್ದ ಬಾಯಿ ನನ್ನದು. ಅವತ್ತು ಅದಕ್ಕೆ ತಣ್ಣಗಾದ ಕಾಫಿ ಸುರಿದುಕೊಂಡೆ.

ಹೊರಡುವಾಗ ಚಂದನ ಒಳಗಿನಿಂದ ಬಂದು ಲೈಬ್ರರಿಯ ಮೂರು ಪುಸ್ತಕ ನನ್ನ ಕೈಗಿಟ್ಟಳು. ಪರೀಕ್ಷೆಯ ಹಾಲ್ ಟಿಕೆಟ್ ಬಂದರೆ ಇಟ್ಟುಕೊಂಡಿರಿ ಮೇಡಂ, ಅಪ್ಪನನ್ನು ಹೇಗಾದರೂ ಕೇಳುತ್ತೇನೆ ಎಂದಳು.

ಹಾಜರಿಯ ಕೊರತೆಯನ್ನು ಪ್ರಿನ್ಸಿಪಾಲರು ಮನ್ನಿಸಿದರು, ಹಾಲ್ ಟಿಕೆಟ್ ಬಂತು. ಮೇ ತಿಂಗಳಲ್ಲಿ ಆರು ಪರೀಕ್ಷೆ. ಆರೂ ದಿನ ಸಿದ್ದಯ್ಯ ಬೆಳಿಗ್ಗೆ ನನ್ನಿಂದ ಅದನ್ನು ಇಸಿದುಕೊಂಡು, ಬೆಳಕವಾಡಿ ಬಸ್ಸಿನವರು ನಡೆದು ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತರು. ಸಂಜೆ ಅದನ್ನು ಹಾಗೇ ವಾಪಸು ತಂದು ನನ್ನ ಮೇಜಿನ ಮೇಲೆ ಇಟ್ಟರು. ತೌಸೀಫ್ ತನ್ನ ಪರೀಕ್ಷೆ ಬರೆಯಲು ಬಂದವನು ಅವರನ್ನು ಕಂಡು ಬೇರೆ ಕಡೆಯಿಂದ ಒಳಗೆ ಹೋಗುತ್ತಿದ್ದ. ತಿಂಗಳ ಕೊನೆಗೆ ಸಿದ್ದಯ್ಯನವರ ನಿವೃತ್ತಿ. ಆರನೆಯ ದಿನ ಸಂಜೆ ಬಂದವರು ಹಾಲ್ ಟಿಕೆಟ್ಟನ್ನು ಕೈಯಲ್ಲೇ ಹಿಡಿದು ನಿಂತರು.

"ಇದು ಬರೋ ವರ್ಸಕ್ಕೂ ನಡೀತದಾ ಮೇಡಮ್ಮೋರೆ?"

ಇಲ್ಲ, ಮತ್ತೆ ಅರ್ಜಿ ಹಾಕಿದರೆ ಹೊಸದು ಕೊಡುತ್ತಾರೆ ಎಂದೆ. ಅವರು ಫೋಟೋದ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ಹಾಳೆಯನ್ನು ಮಡಿಸಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು.

"ಅಂಗಾರೆ ಒಸದು ಬರಗಂಟ ಇದ್ನೇ ಮಡಿಕತೀನಿ."