ಹೊಟ್ಟೆ ತುಂಬಿದ ಕೋಶಗಳು

ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕೋಶದಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೆಲಸ ಕ್ಯಾನ್ಸರ್ ಕೋಶಗಳನ್ನು ಸಾಕುವುದು. ಹಸು ಸಾಕುತ್ತಾರೆ, ಕೋಳಿ ಸಾಕುತ್ತಾರೆ, ಇದನ್ನೆಂಥ ಸಾಕುವುದು ಎಂದು ನೀವು ಮೂಗು ಮುರಿಯಬಹುದು. ಆದರೆ ಔಷಧ ಹಾಕಿ ಕೊಂದು ನೋಡಬೇಕಾದರೆ ಮೊದಲು ಅವು ಬದುಕಿರಬೇಕಲ್ಲ! ಯಾವ ಕಾಲದಲ್ಲೋ ಯಾವುದೋ ರೋಗಿಯ ಗಡ್ಡೆಯಿಂದ ತೆಗೆದ ಕೋಶಗಳು ಬೇರೆಯವರ ಕೈಯಲ್ಲಿ ಸೊರಗುತ್ತಿದ್ದವು, ಇವಳ ಕೈಯಲ್ಲಿ ಮೈತುಂಬಿಕೊಳ್ಳುತ್ತಿದ್ದವು. ಬೆಚ್ಚಗಿನ ಪೆಟ್ಟಿಗೆಯಿಂದ ಅವನ್ನು ತೆಗೆದು, ಗಾಜಿನ ಮರೆಯ ಹಿಂದೆ ಕೈಗವಸು ತೊಟ್ಟು ಕೂತು, ಹಳೆಯ ದ್ರವ ಹೀರಿ, ಹೊಸದನ್ನು ಮೆಲ್ಲಗೆ ಇಳಿಬಿಡುವಳು. ಆ ದ್ರವಕ್ಕೆ ಬೆರೆಸುವ ಸೀರಮ್, ಅಂದರೆ ರಕ್ತದ ತಿಳಿ, ಅವುಗಳ ಊಟ.

“ಗಂಡನಿಗೆ ತಂಗಳು, ಕ್ಯಾನ್ಸರಿಗೆ ಬಿಸಿಬಿಸಿ!” ಎಂದು ಬಸ್ ಓಡಿಸುವ ಅವಳ ಗಂಡ ರೇಗಿಸುತ್ತಿದ್ದ.

“ನೀವೂ ಅವುಗಳ ಹಾಗೆ ತೆಪ್ಪಗೆ ಕೂತ್ಕೊಳ್ಳಿ, ನಿಮಗೂ ಬಿಸಿಬಿಸಿ ಹಾಕ್ತೀನಿ,” ಎನ್ನುವಳು ಅವಳು. ಒಟ್ಟಿನಲ್ಲಿ ಸುಖವಾಗಿದ್ದ ಹೆಂಗಸು.

ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಕಣಗಳಾಗಿ ಮಾಡುತ್ತಿದ್ದಳು. ಆ ಕಣಗಳು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆಯೇ ಎಂಬುದು ಅವಳ ಪ್ರಶ್ನೆ. ಕಣಗಳು ಸಿದ್ಧವಾಗುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಕೋಶ ಬೆಳೆಸಿಕೊಡುವುದು ಕೋಶದಕ್ಕನ ಪಾಲು. ಬೆಳ್ಳಿ ಹಾಕುವ ಮುಂಚೆ ಸೀರಮ್ ಇಲ್ಲದ ದ್ರವ ತುಂಬಿಸಿ ಎಂದು ಹುಡುಗಿ ಹೇಳಿದ್ದಳು.

ಕೋಶದಕ್ಕ ಸೂಕ್ಷ್ಮದರ್ಶಕದಲ್ಲಿ ಇಣುಕಿದಳು. ಕೋಶಗಳು ಯಾಕೋ ಬಾಡಿದಂತೆ ಕಂಡವು. ಉಪವಾಸ ಬಿದ್ದು ಇವು ಸತ್ತರೆ ಬೆಳ್ಳಿಯೇ ಕೊಂದಿತೆಂದು ಹುಡುಗಿ ಮೋಸ ಹೋಗುತ್ತಾಳಲ್ಲ ಎಂದು ಅವಳಿಗೆ ಕಳವಳವಾಯಿತು. ಒಳ್ಳೆಯದಾಗಲಿ ಎಂದೇ ಎಲ್ಲ ಗುಳಿಗಳಿಗೂ ಒಂದೊಂದು ಪಾಲು ಸೀರಮ್ ಬಡಿಸಿದಳು. ಇದರಲ್ಲಿ ಹೇಳುವುದೇನಿದೆ ಎಂದು ಹುಡುಗಿಗೆ ಹೇಳಲೂ ಇಲ್ಲ. ಮುಂದಿನ ತಟ್ಟೆಗಳಿಗೂ ಅದೇ ಉಪಚಾರ ನಡೆಯಿತು.

ಬದುಕಿರುವ ಕೋಶಗಳು ಪರೀಕ್ಷೆಯ ಬಣ್ಣವನ್ನು ನೇರಳೆಯಾಗಿಸುತ್ತವೆ. ಪ್ರತಿ ಸಲವೂ ತಟ್ಟೆಯ ತುಂಬ ನೇರಳೆಯೋ ನೇರಳೆ. ಬೆಳ್ಳಿ ಒಂದನ್ನೂ ಅಲುಗಾಡಿಸಿರಲಿಲ್ಲ. ಹುಡುಗಿಯ ಮಾರ್ಗದರ್ಶಕರಾದ ಮೇಷ್ಟ್ರು, “ಈ ಬೆಳ್ಳಿ ಕೈಬಿಡಮ್ಮ, ಬೇರೆ ವಿಷಯ ನೋಡೋಣ,” ಎಂದುಬಿಟ್ಟರು.

ಹುಡುಗಿ ಚಹಾ ಕುಡಿಯುವ ಕೋಣೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಕೋಶದಕ್ಕ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

“ಎಲ್ಲಾ ಸರಿಯಾಗೇ ಮಾಡಿದೀನಿ ಅಕ್ಕಾ. ಸೀರಮ್ ಇದ್ರೆ ಅದರಲ್ಲಿರೋ ಪ್ರೋಟೀನು ಬೆಳ್ಳಿ ಕಣಕ್ಕೆ ಅಂಟ್ಕೊಂಡು ಹೊದಿಕೆ ಹಾಕಿದ ಹಾಗೆ ಆಗುತ್ತೆ, ವಿಷ ಇಳಿದುಹೋಗುತ್ತೆ. ಅದಕ್ಕೇ ಅದನ್ನೂ ತೆಗೆಸಿದ್ದೆ. ಇನ್ನೇನು ಮಾಡ್ಲಿ ಹೇಳಿ?”

ತಾನು ಬಡಿಸಿದ್ದೇ ಬೆಳ್ಳಿಗೆ ಹೊದಿಕೆಯಾಗಿದೆ ಎಂದು ಕೋಶದಕ್ಕನಿಗೆ ಹೊಳೆಯಿತು. ಬಾಯಿ ಬಿಟ್ಟರೆ ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಮಣ್ಣುಪಾಲು, ಆಮೇಲೆ ಯಾರು ತಾನೇ ತಟ್ಟೆ ಮುಟ್ಟಲು ಬಿಡುತ್ತಾರೆ? ಬಾಯಿ ಬಿಡದಿದ್ದರೆ ಈ ಮಗುವಿನ ಬೆಳ್ಳಿ ತಿಪ್ಪೆ ಸೇರುತ್ತದೆ. ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

“ನಾನು ಊಟ ಹಾಕಿದೆ ಕಣೇ.”

“ಯಾರಿಗೆ?”

“ಅವಕ್ಕೆ. ಎಲ್ಲಾ ತಟ್ಟೆಗೂ. ಪಾಪ ಅನ್ನಿಸ್ತು.”

ಹುಡುಗಿ ಪಿಳಿಪಿಳಿ ನೋಡಿದಳು. ಸಿಟ್ಟಿನಿಂದ ಮುಖ ಕೆಂಡವಾಯಿತು. ಎದ್ದು ನೇರ ಮೇಷ್ಟ್ರ ಕೋಣೆಗೆ ಹೋದಳು. ಕೋಶದಕ್ಕನಿಗೆ ಆವತ್ತು ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗಿ ಎರಡು ತಟ್ಟೆ ತಂದು ಅವಳ ಮುಂದಿಟ್ಟಳು. ಮುಖದ ಬಿಗುವು ಇನ್ನೂ ಪೂರ್ತಿ ಹೋಗಿರಲಿಲ್ಲ.

“ಒಂದಕ್ಕೆ ಊಟ, ಒಂದಕ್ಕೆ ಉಪವಾಸ. ಯಾವುದು ಯಾವುದು ಅಂತ ಮೇಲೆ ಬರೀರಿ. ಪಾಪಗೀಪ ಅಂದ್ರೆ ನೋಡಿ ಮತ್ತೆ!”

“ನಾನೇ ಮಾಡ್ಲಾ?”

“ಮತ್ತಿನ್ಯಾರು ಮಾಡ್ತಾರೆ?”

ಕೋಶದಕ್ಕ ಒಂದರ ಮೇಲೆ ‘ಊಟ’, ಇನ್ನೊಂದರ ಮೇಲೆ ‘ಉಪವಾಸ’ ಎಂದು ದಪ್ಪಗೆ ಬರೆದಳು. ಉಸಿರು ಬಿಗಿಹಿಡಿದು ಎರಡನ್ನೂ ತುಂಬಿಸಿದಳು.

ಫಲಿತಾಂಶ ಬಂದ ದಿನ ಊಟ ಹಾಕಿದ ತಟ್ಟೆ ಎಂದಿನಂತೆ ನೇರಳೆಯಾಗಿತ್ತು. ಉಪವಾಸದ ತಟ್ಟೆಯಲ್ಲಿ ಬೆಳ್ಳಿ ಬಿದ್ದ ಗುಳಿಗಳಲ್ಲೆಲ್ಲ ಬಣ್ಣವೇ ಇರಲಿಲ್ಲ. ಬೆಳ್ಳಿ ಹಾಕದೆ ಬರಿದೇ ಉಪವಾಸವಿದ್ದ ಗುಳಿಗಳು ಮಾತ್ರ ಚೆನ್ನಾಗಿಯೇ ಇದ್ದವು. ಕೊಂದದ್ದು ಹಸಿವಲ್ಲ, ಬೆಳ್ಳಿಯೇ.

ಮೇಷ್ಟ್ರು ಎರಡೂ ತಟ್ಟೆ ಹಿಡಿದು ಗಡ್ಡ ಕೆರೆದುಕೊಂಡರು. “ಮನುಷ್ಯನ ಮೈಯಲ್ಲಿ ರಕ್ತ ತುಂಬಿರುತ್ತಲ್ಲ, ಅಲ್ಲಿ ಯಾವಾಗ್ಲೂ ಊಟವೇ. ಹೊಟ್ಟೆ ತುಂಬಿದವನ್ನೂ ಕೊಲ್ಲೋ ಬೆಳ್ಳಿ ಮಾಡಮ್ಮ. ಒಳ್ಳೆ ಕೋಶ ಉಳೀಬೇಕು, ಅದನ್ನೂ ನೋಡ್ಕೋ. ಕೆಲಸ ಇನ್ನೂ ಬೇಕಾದಷ್ಟಿದೆ.”

“ಮಾಡ್ತೀನಿ ಸರ್,” ಎಂದ ಹುಡುಗಿಯ ಮುಖ ಅರಳಿತ್ತು. “ಅಕ್ಕಾ, ಬನ್ನಿ, ನೀವೂ ನೋಡಿ,” ಎಂದು ಕೈಹಿಡಿದು ಎಳೆದಳು.

ಕೋಶದಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಉಪವಾಸದ ತಟ್ಟೆಯಲ್ಲಿ ಬೆಳ್ಳಿ ಹಾಕಿ, ಪರೀಕ್ಷೆಯ ಬಣ್ಣ ಹಾಕದೆ ಬಿಟ್ಟಿದ್ದ ಗುಳಿಯೊಂದರಲ್ಲಿ ಕೋಶಗಳು ಮುದುಡಿ, ತಳಬಿಟ್ಟು ತೇಲುತ್ತಿದ್ದವು. ಅವಳು ಕೈಯಾರೆ ಸಾಕಿದವು, ಒಂದೂ ಉಳಿದಿರಲಿಲ್ಲ. ಅಷ್ಟು ಸಂತೋಷ ಆ ಕೆಲಸದಲ್ಲಿ ಅವಳಿಗೆ ಎಂದೂ ಆಗಿರಲಿಲ್ಲ.