ಗಾಯರಾಣದ ಅರ್ಜಿ

ಊರ್ಮಿಳಾ ಅಕ್ಕೋರಿಗೆ ಹೇಸಿಕೆ ಬಲು ಬೇಗ. ದೇವಿಕೊಪ್ಪದಾಚೆಯ ಸಣ್ಣ ಊರೊಂದರ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವರು ಪ್ರತಿ ಭಾದ್ರಪದದಲ್ಲಿ ಬೆಳಗಾಗುತ್ತಲೇ ನೋಟ್‌ಬುಕ್ಕು ಹಿಡಿದು ಗಾಯರಾಣಕ್ಕೆ, ಅಂದರೆ ಊರ ದನ ಮೇಯುವ ಹುಲ್ಲುಗಾವಲಿಗೆ, ಹೋಗುತ್ತಾರೆ. ಹೋಗುವುದು ಹೂವು, ಹಕ್ಕಿ ನೋಡಲು; ಕಾಲಿಗೆ ಸಿಗುವುದು ಕೋಳಿಪುಕ್ಕ, ಒಡೆದ ಬಾಟಲಿ, ಮಂದಿ ಕುಂತೆದ್ದು ಹೋದ ಗುರುತು. ಇಂಥ ಊರಿಗೆ ಇಂಥ ಹುಲ್ಲು! ಮಂಗನ ಕೈಗೆ ಮಾಣಿಕ್ಯ ಕೊಟ್ಟವರಾರೋ ಎಂದು ಬೈಯುತ್ತಲೇ ಬರೆದುಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ಅಸಹ್ಯ ಕಾಂಗ್ರೆಸ್ ಕಸ. ಮುಟ್ಟಿದರೆ ತುರಿಕೆ, ಮೂಸಿದರೆ ಸೀನು. ವರ್ಷದಿಂದ ವರ್ಷಕ್ಕೆ ಅದು ಹಳ್ಳದ ಮೂಲೆಯತ್ತ ಸರಿಯುತ್ತಿತ್ತು. ಅಲ್ಲಿ ಅರ್ಧ ಎಕರೆಯಲ್ಲಿ ಇನ್ನೂ ಕರಕಿ ಹುಲ್ಲು, ತುಂಬೆ, ಪೊದೆಗೆ ಹಬ್ಬಿದ ಗೌರಿಹೂ ಇದ್ದವು. ಹುಲ್ಲಿನ ಬುಡದಲ್ಲಿ ಲಾವಕ್ಕಿ ಮೊಟ್ಟೆಯಿಟ್ಟಿತ್ತು. ಆ ಮೂಲೆಯೊಂದು ಉಳಿಯಲಿ ಎಂದು ಅಕ್ಕೋರು ಈ ಸಲ ಕಸ ತೆಗೆಸಿರೆಂದು ಪಂಚಾಯತಿಗೆ ಅರ್ಜಿ ಕೊಟ್ಟರು.

ಇದ್ದದ್ದನ್ನು ಇದ್ದಷ್ಟೇ ಬರೆದರೆ ನಮ್ಮ ಕಡೆ ಅರ್ಜಿ ಮೇಲೇಳುವುದಿಲ್ಲ. ಒಂದು ಕಂಬ ವಾಲಿದರೆ ಊರೇ ಕತ್ತಲಲ್ಲಿದೆ ಅನ್ನಬೇಕು. ಅಕ್ಕೋರೂ ಹಾಗೇ ಬರೆದರು: ಗಾಯರಾಣವೆಲ್ಲ ಕಸ, ಉಪಯೋಗದ ಒಂದು ಕಡ್ಡಿಯೂ ಉಳಿದಿಲ್ಲ.

ಶಾಲೆಯ ಪರೀಕ್ಷೆ ಮುಗಿಸಿ ಎರಡು ವಾರದ ಮೇಲೆ ಹೋದರೆ, ಇಡೀ ಬಯಲಿಗೆ ಕಸ ಸಾಯಿಸುವ ಎಣ್ಣೆ ಹೊಡೆದಿದ್ದರು. ಹಳ್ಳದ ಮೂಲೆಯಲ್ಲೂ ಕರಕಿ ಕಂದಿ ಮುದುಡಿತ್ತು, ಗೌರಿಹೂ ಕಪ್ಪಾಗಿ ಜೋತುಬಿದ್ದಿತ್ತು. ಲಾವಕ್ಕಿ ಬಿಟ್ಟುಹೋದ ಆರು ಮೊಟ್ಟೆಗಳ ಮೇಲೆ ಇರುವೆ ಮುತ್ತಿದ್ದವು. ನಾತಕ್ಕೆ ಅವರು ಮೂಗಿಗೆ ಸೆರಗು ಹಿಡಿದರು.

ಪಂಚಾಯತಿ ಮೆಂಬರ್ ಬಸಣ್ಣ ಬೈಕು ನಿಲ್ಲಿಸಿ ನಗುತ್ತ ಬಂದ. ಯಾವ ಹೇಸಿ ಮಂದಿ ಇದನ್ನು ಮಾಡಿದ್ದು ಎಂದು ಅಕ್ಕೋರು ಹರಿಹಾಯ್ದರು.

“ನಾವs ರಿ ಅಕ್ಕೋರ. ಈ ಮೂಲಿ ಬಿಡೂಣು, ಎಮ್ಮಿ ಮೇಯ್ತಾವು ಅಂದಿದ್ದೆ ನಾ. ಒಂದ್ ಕಡ್ಡೀನೂ ಉಳದಿಲ್ಲಂತ ಅಕ್ಕೋರs ಬರದಾರ, ಅವರಿಗಿಂತ ನಿನಗ ಜಾಸ್ತಿ ಗೊತ್ತೇನು ಅಂದ್ರು ಪಂಚಾಯತಿ ಸಾಹೇಬ್ರು.”

ಅಕ್ಕೋರು ನೋಟ್‌ಬುಕ್ಕು ಮುಚ್ಚಿದರು. ಬಸಣ್ಣ ಅದನ್ನು ಒಪ್ಪಿಗೆಯೆಂದುಕೊಂಡು, ಕೆಲಸ ಚೊಲೋ ಆಯಿತೆಂದು ಸಾಹೇಬರಿಗೆ ಒಂದು ಅಭಿನಂದನಾ ಪತ್ರ ಬರೆದುಕೊಡಬೇಕಂತೆ ಎಂದ. ನಿಮ್ಮ ಬರಹವೆಂದರೆ ಸಾಹೇಬರಿಗೆ ಭಾಳ ನಂಬಿಕೆ ಎಂದೂ ಸೇರಿಸಿದ.

ಅಕ್ಕೋರು ಅಲ್ಲೇ ಕುಕ್ಕರಿಸಿ ವಾಂತಿ ಮಾಡಿಕೊಂಡರು. ಎಣ್ಣೆಯ ನಾತ ತಲೆಗೇರಿದೆ, ಮನೆಗೆ ನಡೆಯಿರಿ ಎಂದು ಬಸಣ್ಣ ಗಾಬರಿಯಿಂದ ನೀರು ಚಾಚಿದ.

“ನಾತ ಎಣ್ಣಿದಲ್ರಿ ಬಸಣ್ಣ,” ಅಂದರು ಅಕ್ಕೋರು. “ನಂದು.”